ಕನೆಕ್ಷನ್‌ಗೂ ಒಂದು ಆಯಸ್ಸು ಇರಲಿ

(ಡೇಟಾಬೇಸ್ ಕ್ಲಸ್ಟರ್‌ಗಳ ಜೊತೆ ಕೆಲಸ ಮಾಡುವ ಡೆವಲಪರ್‌ಗಳಿಗಾಗಿ ಕೊಟ್ಟ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಿಮ್ಮ ಸರ್ವಿಸ್‌ನ ಕಾನ್ಫಿಗ್ ಫೈಲ್ ತೆಗೆದು ಡೇಟಾಬೇಸ್ ಇರುವ ಜಾಗ ನೋಡಿ. ಒಂದು ಯುಆರ್‌ಎಲ್, ಒಂದು ಯೂಸರ್, ಒಂದು ಪಾಸ್‌ವರ್ಡ್, ಆಮೇಲೆ ಪೂಲ್ ಸೈಜ್ ಅಂತ ಒಂದು ಸಂಖ್ಯೆ, ಅಂದರೆ ಎಷ್ಟು ಕನೆಕ್ಷನ್ ತೆರೆದು ಇಟ್ಟುಕೊಳ್ಳಬಹುದು ಅನ್ನುವ ಮಿತಿ. ಆ ಸಂಖ್ಯೆ ಯಾರು ಹಾಕಿದ್ದು, ಯಾಕೆ ಅಷ್ಟೇ ಹಾಕಿದ್ದು ಅಂತ ಕೇಳಿದರೆ ಬಹಳ ತಂಡಗಳಲ್ಲಿ ಉತ್ತರ ಸಿಗುವುದಿಲ್ಲ. ಹಳೇ ಪ್ರಾಜೆಕ್ಟ್‌ನಿಂದ ಕಾಪಿ ಆಗಿ ಬಂದಿರುತ್ತದೆ. ಆಚೆ ಕಡೆ ಒಂದೇ ಡೇಟಾಬೇಸ್ ಸರ್ವರ್ ಇದ್ದಾಗ ಅದು ಹೇಗೋ ನಡೆದುಹೋಗುತ್ತಿತ್ತು. ಈಗ ಅಲ್ಲಿ ಮೂರು, ಆರು, ಒಂಬತ್ತು ನೋಡ್‌ಗಳ ಕ್ಲಸ್ಟರ್ ಕೂತಿದೆ, ಅಂದರೆ ಒಟ್ಟಾಗಿ ಒಂದೇ ಡೇಟಾಬೇಸ್‌ನಂತೆ ಕೆಲಸ ಮಾಡುವ ಸರ್ವರ್‌ಗಳ ಗುಂಪು. ಆದರೆ ಈಚೆಯ ಕಾನ್ಫಿಗ್ ಮಾತ್ರ ಹಾಗೇ ಇದೆ.

ನಾವೆಲ್ಲ ‘ಎಷ್ಟು ಕನೆಕ್ಷನ್ ಬೇಕು’ ಅಂತ ತಲೆ ಕೆಡಿಸಿಕೊಳ್ಳುತ್ತೇವೆ. ಅದೂ ಬೇಕಾದ ಪ್ರಶ್ನೆಯೇ, ಅದಕ್ಕೆ ಬರುತ್ತೇನೆ. ಆದರೆ ಕ್ಲಸ್ಟರ್ ಅಂದ ಮೇಲೆ ಬೇರೆ ಪ್ರಶ್ನೆಗಳು ಹೆಚ್ಚು ಕಾಡುತ್ತವೆ. ಈ ಕನೆಕ್ಷನ್ ಯಾವ ನೋಡ್‌ಗೆ ಅಂಟಿಕೊಂಡಿದೆ? ಎಷ್ಟು ಹೊತ್ತಿನಿಂದ ಅಂಟಿಕೊಂಡಿದೆ? ಅದು ಸತ್ತರೆ ನಮಗೆ ಯಾವಾಗ ಗೊತ್ತಾಗುತ್ತದೆ? ಸೈಜ್ ತಪ್ಪಿದರೆ ಗ್ರಾಫ್‌ನಲ್ಲಿ ಕಾಣುತ್ತದೆ, ಸರಿ ಮಾಡಬಹುದು. ಆಯಸ್ಸು ತಪ್ಪಿದರೆ ತಿಂಗಳುಗಟ್ಟಲೆ ಏನೂ ಕಾಣುವುದಿಲ್ಲ. ಒಂದು ದಿನ ಒಂದು ನೋಡ್ ಬಿದ್ದಾಗ ಎಲ್ಲ ಒಟ್ಟಿಗೆ ಕಾಣುತ್ತದೆ.

ಮೊದಲು ಖರ್ಚಿನ ವಿಷಯ ಬೇಗ ಮುಗಿಸಿಬಿಡೋಣ. ಹೊಸ ಕನೆಕ್ಷನ್ ಅಂದರೆ ಟಿಸಿಪಿ ಹ್ಯಾಂಡ್‌ಶೇಕ್, ಅದರ ಮೇಲೆ ಮಾತುಕತೆಯನ್ನು ಗುಟ್ಟಾಗಿಡುವ ಟಿಎಲ್‌ಎಸ್, ಅದರ ಮೇಲೆ ಪಾಸ್‌ವರ್ಡ್ ಪರೀಕ್ಷೆ. ಒಂದು ಕ್ವೆರಿ ಕಳಿಸುವ ಮೊದಲೇ ಹಲವು ಸಲ ಹೋಗಿ ಬಂದಾಗಿರುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಪ್ರತಿ ಕನೆಕ್ಷನ್‌ಗೂ ಸರ್ವರ್ ಕಡೆ ಒಂದು ಪೂರ್ತಿ ಪ್ರೊಸೆಸ್ ಹುಟ್ಟುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ಸಾಮಾನ್ಯವಾಗಿ ಒಂದು ಥ್ರೆಡ್. ಪೋಸ್ಟ್‌ಗ್ರೆಸ್ ತಾನಾಗಿ ಒಪ್ಪುವ ಗರಿಷ್ಠ ಕನೆಕ್ಷನ್ 100, ಮೈಎಸ್‌ಕ್ಯೂಎಲ್ 151. ಎರಡನ್ನೂ ಹೆಚ್ಚಿಸಬಹುದು. ಆದರೆ ಈ ಸಣ್ಣ ಸಂಖ್ಯೆಗಳನ್ನು ಸುಮ್ನೆ ಇಟ್ಟಿಲ್ಲ. ಹಾಗಾಗಿ ಪೂಲ್ ಬೇಕು: ತೆರೆದ ಕನೆಕ್ಷನ್‌ಗಳನ್ನು ಇಟ್ಟುಕೊಂಡು, ಬೇಕಾದಾಗ ತೆಗೆದುಕೊಂಡು, ಕೆಲಸ ಆದ ಮೇಲೆ ವಾಪಸ್ ಇಡುವುದು. ಇಷ್ಟು ಇಲ್ಲಿ ಎಲ್ಲರಿಗೂ ಗೊತ್ತಿರುವುದೇ.

ಸರಿ, ಪೂಲ್ ಎಷ್ಟು ದೊಡ್ಡದಿರಬೇಕು? ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ಒಂದು ಸರಳ ಲೆಕ್ಕ ಇದೆ. ಒಂದು ಸೆಕೆಂಡಿಗೆ ಬರುವ ಕೆಲಸಗಳನ್ನು, ಒಂದು ಕೆಲಸ ಸರಾಸರಿ ಹಿಡಿಯುವ ಸಮಯದಿಂದ ಗುಣಿಸಿ. ಒಂದೇ ಹೊತ್ತಿಗೆ ಸರಾಸರಿ ಎಷ್ಟು ಕೆಲಸ ನಡೆಯುತ್ತಿರುತ್ತವೆ ಅನ್ನುವುದು ಬರುತ್ತದೆ. ಸೆಕೆಂಡಿಗೆ 2000 ಕ್ವೆರಿ, ಒಂದೊಂದಕ್ಕೆ 4 ಮಿಲಿಸೆಕೆಂಡ್. ಗುಣಿಸಿದರೆ 8. ಎಂಟೇ ಎಂಟು ಕನೆಕ್ಷನ್! ಇದು ಸರಾಸರಿ ಲೆಕ್ಕ, ಏರಿಳಿತಕ್ಕೆ ಜಾಗ ಬೇಕು, ಹದಿನಾರು ಇಡಿ, ಇಪ್ಪತ್ತು ಇಡಿ. ಇನ್ನೂರು ಯಾಕೆ?

‘ಇಲ್ಲ, ನಮಗೆ ಇಪ್ಪತ್ತು ಸಾಕಾಗಲ್ಲ, ಪೂಲ್ ಖಾಲಿ ಆಗುತ್ತದೆ’ ಅಂತ ಹೇಳುವವರು ಇರುತ್ತಾರೆ. ಅವರು ಹೇಳುವುದು ನಿಜವೇ. ಆದರೆ ಕಾರಣ ಬೇರೆ ಕಡೆ ಇರುತ್ತದೆ. ಮೇಲಿನ ಲೆಕ್ಕದಲ್ಲಿ ಸಮಯ ಅಂದರೆ ಕ್ವೆರಿ ಓಡುವ ಸಮಯ ಅಲ್ಲ, ಕನೆಕ್ಷನ್ ಕೈಯಲ್ಲಿ ಹಿಡಿದುಕೊಂಡಿರುವ ಸಮಯ. ಕೋಡ್ ನೋಡಿದರೆ ಟ್ರಾನ್ಸಾಕ್ಷನ್ ಶುರು ಮಾಡಿರುತ್ತಾರೆ, ಒಂದು ಸಾಲು ಓದಿರುತ್ತಾರೆ, ಆಮೇಲೆ ಇನ್ಯಾವುದೋ ಸರ್ವಿಸ್‌ಗೆ ಎಚ್‌ಟಿಟಿಪಿ ಕಾಲ್ ಹೋಗಿರುತ್ತದೆ. ಅದು ಬರಲು 300 ಮಿಲಿಸೆಕೆಂಡ್. ಅಷ್ಟು ಹೊತ್ತು ಕನೆಕ್ಷನ್ ಸುಮ್ಮನೆ ಕೂತಿರುತ್ತದೆ, ಲಾಕ್ ಹಿಡಿದುಕೊಂಡು. ನಾಲ್ಕು ಮಿಲಿಸೆಕೆಂಡಿನ ಕೆಲಸಕ್ಕೆ ಮುನ್ನೂರ ನಾಲ್ಕು ಮಿಲಿಸೆಕೆಂಡ್. ಇಲ್ಲಿ ಪೂಲ್ ದೊಡ್ಡದು ಮಾಡಿದರೆ ರೋಗ ಮುಚ್ಚಿಹೋಗುತ್ತದೆ, ವಾಸಿ ಆಗುವುದಿಲ್ಲ. ಆ ಕಾಲ್ ಅನ್ನು ಟ್ರಾನ್ಸಾಕ್ಷನ್‌ನಿಂದ ಹೊರಗೆ ತನ್ನಿ.

ಇನ್ನೊಂದು ಎಡವಟ್ಟು ಗುಣಾಕಾರದ್ದು. ಪೂಲ್ ಸೈಜ್ 20 ಅಂತ ಒಬ್ಬರು ಬರೆಯುತ್ತಾರೆ. ಅದು ಒಂದು ಪಾಡ್‌ಗೆ, ಅಂದರೆ ಅಪ್ಲಿಕೇಶನ್‌ನ ಓಡುತ್ತಿರುವ ಒಂದು ಪ್ರತಿಗೆ. ಪಾಡ್‌ಗಳು 40 ಇದ್ದರೆ ಕ್ಲಸ್ಟರ್ ಎದುರು 800 ಕನೆಕ್ಷನ್. ಇನ್ನು ಆಟೋಸ್ಕೇಲಿಂಗ್ ಇದೆ ಅಂದುಕೊಳ್ಳಿ. ಡೇಟಾಬೇಸ್ ನಿಧಾನ ಆಗುತ್ತದೆ, ರಿಕ್ವೆಸ್ಟ್‌ಗಳು ನಿಂತುಬಿಡುತ್ತವೆ, ಅದನ್ನು ನೋಡಿ ಆಟೋಸ್ಕೇಲರ್ ಇನ್ನೂ 20 ಪಾಡ್ ತರುತ್ತದೆ. ಬಂದ ಪಾಡ್‌ಗಳು ಒಂದೊಂದೂ ಇಪ್ಪತ್ತು ಕನೆಕ್ಷನ್ ತೆರೆಯುತ್ತವೆ. ಮೊದಲೇ ಸುಸ್ತಾದ ಡೇಟಾಬೇಸ್ ಮೇಲೆ 400 ಹೊಸ ಹ್ಯಾಂಡ್‌ಶೇಕ್‌ಗಳು ಬೀಳುತ್ತವೆ. ಗಾಯದ ಮೇಲೆ ಬರೆ ಅಂದರೆ ಇದೇ. ಆದ್ದರಿಂದ ಲೆಕ್ಕ ಕ್ಲಸ್ಟರ್ ಕಡೆಯಿಂದ ಶುರು ಆಗಬೇಕು. ಕಾಕ್ರೋಚ್‌ಡಿಬಿ ಕೈಪಿಡಿಯಲ್ಲಿ ಒಂದು ಅಂದಾಜು ಕೊಡುತ್ತಾರೆ: ಇಡೀ ಕ್ಲಸ್ಟರ್‌ನ ಒಟ್ಟು ಕೋರ್‌ಗಳ ನಾಲ್ಕರಷ್ಟು ಚಾಲ್ತಿ ಕನೆಕ್ಷನ್. ಒಂಬತ್ತು ನೋಡ್, ಒಂದೊಂದರಲ್ಲಿ ಎಂಟು ಕೋರ್ ಅಂದರೆ 72. ನಾಲ್ಕರಿಂದ ಗುಣಿಸಿ, 288. ಇದು ಎಲ್ಲ ಸರ್ವಿಸ್‌ಗಳಿಗೂ ಸೇರಿ. ಇದನ್ನು ಪಾಡ್‌ಗಳ ಗರಿಷ್ಠ ಸಂಖ್ಯೆಯಿಂದ ಭಾಗಿಸಿ, ಇವತ್ತು ಓಡುತ್ತಿರುವ ಸಂಖ್ಯೆಯಿಂದಲ್ಲ.

ಮಿಕ್ಕ ರಿಕ್ವೆಸ್ಟ್‌ಗಳು ಏನಾಗಬೇಕು? ಕಾಯಬೇಕು. ಅಪ್ಲಿಕೇಶನ್ ಒಳಗೇ ಕಾಯಲಿ. ಕೋರ್‌ಗಳು ಇರುವಷ್ಟೇ ಇರುವಾಗ ಜಾಸ್ತಿ ಕನೆಕ್ಷನ್ ಕೊಟ್ಟರೆ ಕಾಯುವ ಸಾಲು ಮಾಯ ಆಗುವುದಿಲ್ಲ, ಡೇಟಾಬೇಸ್ ಒಳಗೆ ಹೋಗುತ್ತದೆ. ಅಲ್ಲಿ ಅದು ಮೆಮೊರಿ ತಿನ್ನುತ್ತದೆ, ಲಾಕ್‌ಗಾಗಿ ಗುದ್ದಾಡುತ್ತದೆ. ಈಚೆ ಕಾಯುವ ರಿಕ್ವೆಸ್ಟ್‌ಗೆ ಟೈಮ್‌ಔಟ್ ಹಾಕಿ ಮರ್ಯಾದೆಯಿಂದ ವಾಪಸ್ ಕಳಿಸಬಹುದು.

ಗೋ ಭಾಷೆಯವರಿಗೆ ಒಂದು ಮಾತು. ಅದರ ಡೇಟಾಬೇಸ್ ಲೈಬ್ರರಿಯಲ್ಲಿ ನೀವು ಏನೂ ಹೇಳದಿದ್ದರೆ ಗರಿಷ್ಠ ಕನೆಕ್ಷನ್‌ಗೆ ಮಿತಿಯೇ ಇಲ್ಲ. ಆದರೆ ಕೆಲಸ ಇಲ್ಲದಾಗ ತೆರೆದು ಇಟ್ಟುಕೊಳ್ಳುವುದು ಎರಡೇ. ಅಂದರೆ ಐವತ್ತು ಕೆಲಸ ಒಟ್ಟಿಗೆ ಬಂದರೆ ಐವತ್ತು ತೆರೆಯುತ್ತದೆ, ಆಮೇಲೆ ಎರಡು ಇಟ್ಟುಕೊಂಡು ಉಳಿದವನ್ನು ಮುಚ್ಚುತ್ತದೆ. ಮತ್ತೆ ಐವತ್ತು ಬಂದರೆ ಮತ್ತೆ ತೆರೆಯುವುದು. ಹೆಸರಿಗೆ ಪೂಲ್, ಕೆಲಸದಲ್ಲಿ ಅಲ್ಲ. ಎರಡನ್ನೂ ಒಂದೇ ಸಂಖ್ಯೆಗೆ ತನ್ನಿ.

ಈಗ ಕ್ಲಸ್ಟರ್ ವಿಷಯಕ್ಕೆ. ಕನೆಕ್ಷನ್ ಯಾವ ನೋಡ್‌ಗೆ ಹೋಗಬೇಕು ಅಂತ ಯಾರು ತೀರ್ಮಾನ ಮಾಡುತ್ತಾರೆ? ಡೇಟಾಬೇಸ್‌ನಿಂದ ಡೇಟಾಬೇಸ್‌ಗೆ ಇದು ಬೇರೆ.

ಕಸಾಂಡ್ರಾದಲ್ಲಿ ಡ್ರೈವರ್ ಬುದ್ಧಿವಂತ. ನೀವು ಎರಡು ಮೂರು ನೋಡ್‌ಗಳ ವಿಳಾಸ ಕೊಡುತ್ತೀರಿ. ಡ್ರೈವರ್ ಒಂದಕ್ಕೆ ಹೋಗಿ ‘ಉಳಿದವರು ಯಾರು ಯಾರು’ ಅಂತ ಸಿಸ್ಟಂ ಟೇಬಲ್‌ಗಳನ್ನು ಓದುತ್ತದೆ. ಆಮೇಲೆ ಎಲ್ಲ ನೋಡ್‌ಗೂ ತಾನೇ ಕನೆಕ್ಷನ್ ತೆರೆಯುತ್ತದೆ. ಯಾವ ಸಾಲು ಯಾವ ನೋಡ್‌ನಲ್ಲಿದೆ ಅನ್ನುವುದೂ ಅದಕ್ಕೆ ಲೆಕ್ಕ ಹಾಕಲು ಬರುತ್ತದೆ, ಕ್ವೆರಿಯನ್ನು ನೇರ ಅಲ್ಲಿಗೇ ಕಳಿಸುತ್ತದೆ. ಜೊತೆಗೆ ಒಂದೇ ಕನೆಕ್ಷನ್‌ನಲ್ಲಿ ಸಾವಿರಾರು ಕ್ವೆರಿಗಳನ್ನು ಒಂದರ ಹಿಂದೆ ಒಂದು, ಉತ್ತರಕ್ಕೆ ಕಾಯದೆ ಕಳಿಸಬಹುದು. ಅದರ ಪ್ರೋಟೋಕಾಲ್‌ನ ಮೂರನೇ ಆವೃತ್ತಿಯಿಂದ ಒಂದು ಕನೆಕ್ಷನ್‌ಗೆ 32768 ಸ್ಟ್ರೀಮ್‌ಗಳು, ಅಂದರೆ ಅಷ್ಟು ಕ್ವೆರಿಗಳು ಒಟ್ಟಿಗೆ ಉತ್ತರಕ್ಕೆ ಕಾಯುತ್ತಿರಬಹುದು. ಹಾಗಾಗಿ ಅಲ್ಲಿ ನೋಡ್‌ಗೆ ಒಂದೆರಡು ಕನೆಕ್ಷನ್ ಸಾಕು. ಪೋಸ್ಟ್‌ಗ್ರೆಸ್‌ನಿಂದ ಬಂದವರು ಇಲ್ಲೂ ಐವತ್ತು ಹಾಕುತ್ತಾರೆ. ದಯವಿಟ್ಟು ಬೇಡ.

ರೆಡಿಸ್ ಕ್ಲಸ್ಟರ್‌ನಲ್ಲಿ 16384 ಸ್ಲಾಟ್‌ಗಳಿವೆ, ಪ್ರತಿ ಕೀ ಒಂದು ಸ್ಲಾಟ್‌ಗೆ, ಪ್ರತಿ ಸ್ಲಾಟ್ ಒಂದು ನೋಡ್‌ಗೆ ಸೇರಿರುತ್ತದೆ. ತಪ್ಪು ನೋಡ್‌ಗೆ ಹೋದರೆ ಅದು ‘ಮೂವ್ಡ್’ ಅಂತ ಹೇಳಿ ಸರಿಯಾದ ವಿಳಾಸ ಕೊಡುತ್ತದೆ. ಒಳ್ಳೆಯ ಕ್ಲೈಂಟ್ ಅದನ್ನು ನೆನಪಿಟ್ಟುಕೊಳ್ಳುತ್ತದೆ. ಮೊಂಗೊಡಿಬಿ ಡ್ರೈವರ್ ಕೂಡ ಎಲ್ಲ ಸದಸ್ಯರ ಮೇಲೆ ಕಣ್ಣಿಟ್ಟು, ಪ್ರೈಮರಿ (ಬರೆಯುವ ಕೆಲಸ ಒಪ್ಪುವ ನೋಡ್) ಬದಲಾದರೆ ತಾನೇ ಆ ಕಡೆ ತಿರುಗುತ್ತದೆ. ಅಲ್ಲಿ ಪೂಲ್‌ನ ಮಿತಿ ತಾನಾಗಿ 100, ಅದೂ ಪ್ರತಿ ಸರ್ವರ್‌ಗೆ. ಆ ‘ಪ್ರತಿ ಸರ್ವರ್‌ಗೆ’ ಅನ್ನುವುದನ್ನು ಮರೆಯಬೇಡಿ.

ಕಾಕ್ರೋಚ್‌ಡಿಬಿಯಂಥ ಎಸ್‌ಕ್ಯೂಎಲ್ ಕ್ಲಸ್ಟರ್‌ಗಳಲ್ಲಿ ಕಥೆ ಬೇರೆ. ಅಲ್ಲಿ ಯಾವ ನೋಡ್‌ಗೆ ಹೋದರೂ ಆಗುತ್ತದೆ. ಆ ನೋಡ್ ಡೇಟಾ ಎಲ್ಲಿದೆ ಅಂತ ಹುಡುಕಿ ತಂದುಕೊಡುತ್ತದೆ. ಅದಕ್ಕೇ ಎದುರಿಗೆ ಒಂದು ಲೋಡ್ ಬ್ಯಾಲೆನ್ಸರ್ ಇಟ್ಟು, ಕ್ಲೈಂಟ್‌ಗೆ ಒಂದೇ ವಿಳಾಸ ಕೊಟ್ಟುಬಿಡುತ್ತಾರೆ. ಕ್ಲೈಂಟ್‌ಗೆ ಕ್ಲಸ್ಟರ್ ಇದೆ ಅಂತಲೇ ಗೊತ್ತಿಲ್ಲ. ಕೇಳಲು ಚೆನ್ನಾಗಿದೆ. ಆದರೆ ಇಲ್ಲಿ ಬ್ಯಾಲೆನ್ಸರ್ ಹಂಚುವುದು ಕನೆಕ್ಷನ್‌ಗಳನ್ನು, ಕ್ವೆರಿಗಳನ್ನಲ್ಲ. ಒಂದು ಸಲ ಹಂಚಿದ ಮೇಲೆ ಆ ಕನೆಕ್ಷನ್ ಸಾಯುವವರೆಗೂ ಅದೇ ನೋಡ್. ಇವತ್ತಿನ ಮಾತಿನ ತಿರುಳು ಇಲ್ಲಿದೆ, ಸ್ವಲ್ಪ ನಿಧಾನವಾಗಿ ನೋಡೋಣ.

ಮೂರು ನೋಡ್. ಒಟ್ಟು 300 ಕನೆಕ್ಷನ್, ಒಂದೊಂದಕ್ಕೆ ನೂರು. ಹೊಸ ಆವೃತ್ತಿ ಹಾಕಲು ರೋಲಿಂಗ್ ರೀಸ್ಟಾರ್ಟ್ ಮಾಡುತ್ತೀರಿ, ಅಂದರೆ ನೋಡ್‌ಗಳನ್ನು ಒಂದೊಂದಾಗಿ ನಿಲ್ಲಿಸಿ ಎಬ್ಬಿಸುತ್ತೀರಿ. ಬ್ಯಾಲೆನ್ಸರ್ ಸರದಿ ಪ್ರಕಾರ ಹಂಚುತ್ತದೆ ಅಂದುಕೊಳ್ಳಿ.

ಮೊದಲ ನೋಡ್ ನಿಲ್ಲಿಸಿದಿರಿ. ಅದರ ನೂರು ಕನೆಕ್ಷನ್ ಕಡಿದುಹೋದವು. ಪೂಲ್‌ಗಳು ಮತ್ತೆ ತೆರೆದವು, ಉಳಿದ ಎರಡಕ್ಕೆ ಐವತ್ತು ಐವತ್ತು. ಈಗ 0, 150, 150. ಮೊದಲ ನೋಡ್ ಎದ್ದು ಬಂತು. ಅದರ ಬಳಿ ಯಾರೂ ಹೋಗುವುದಿಲ್ಲ, ಯಾಕೆಂದರೆ ಹೊಸ ಕನೆಕ್ಷನ್ ಯಾರಿಗೂ ಬೇಕಿಲ್ಲ. ಎರಡನೆಯದು ನಿಲ್ಲಿಸಿದಿರಿ. ಅದರ 150ರಲ್ಲಿ 75 ಮೊದಲನೆಯದಕ್ಕೆ, 75 ಮೂರನೆಯದಕ್ಕೆ. ಈಗ 75, 0, 225. ಕೊನೆಗೆ ಮೂರನೆಯದು ನಿಲ್ಲಿಸಿದಿರಿ. ಅದರ 225 ಅರ್ಧರ್ಧ ಹಂಚಿಹೋಯಿತು. ಕೊನೆಯ ಚಿತ್ರ: ಸುಮಾರು 187, 113, 0.

ರೀಸ್ಟಾರ್ಟ್ ಯಶಸ್ವಿ, ಎಲ್ಲ ನೋಡ್ ಹಸಿರು. ಆದರೆ ಮೂರನೇ ನೋಡ್‌ಗೆ ಒಂದೂ ಕನೆಕ್ಷನ್ ಇಲ್ಲ. ಮೊದಲನೆಯದರ ಮೇಲೆ ಹೆಚ್ಚುಕಡಿಮೆ ಎರಡು ಪಟ್ಟು ಹೊರೆ. ‘ನಾವು ಲೀಸ್ಟ್ ಕನೆಕ್ಷನ್ ವಿಧಾನ ಬಳಸುತ್ತೇವೆ, ಹೊಸದು ಅತಿ ಕಡಿಮೆ ಕನೆಕ್ಷನ್ ಇರುವ ನೋಡ್‌ಗೇ ಹೋಗುತ್ತದೆ, ನಮಗೆ ಹೀಗಾಗಲ್ಲ’ ಅನ್ನಬೇಡಿ. ಅದರಲ್ಲೂ ಇದೇ ಲೆಕ್ಕ ಮಾಡಿ ನೋಡಿ. ಕೊನೆಗೆ 150, 150, 0 ಬರುತ್ತದೆ. ಯಾವ ವಿಧಾನವೇ ಇರಲಿ, ಕೊನೆಯಲ್ಲಿ ರೀಸ್ಟಾರ್ಟ್ ಆದ ನೋಡ್ ಖಾಲಿ ಕೈಯಲ್ಲೇ ಕೂರುತ್ತದೆ. ಹೊರೆ ಹೆಚ್ಚಿತು ಅಂತ ನಾಲ್ಕನೇ ನೋಡ್ ಸೇರಿಸಿದರೂ ಅಷ್ಟೇ. ದುಡ್ಡು ಕೊಟ್ಟು ತಂದ ನೋಡ್‌ಗೆ ಕ್ಲೈಂಟ್‌ಗಳೇ ಬರುವುದಿಲ್ಲ.

ಇದಕ್ಕೆ ಮದ್ದು ಕನೆಕ್ಷನ್‌ನ ಆಯಸ್ಸು. ಪೂಲ್‌ಗಳಲ್ಲಿ ಮ್ಯಾಕ್ಸ್ ಲೈಫ್‌ಟೈಮ್ ಅಂತ ಒಂದು ಸೆಟ್ಟಿಂಗ್ ಇರುತ್ತದೆ. ಜಾವಾದ ಹಿಕಾರಿ ಪೂಲ್‌ನಲ್ಲಿ ಅದು ತಾನಾಗಿ 30 ನಿಮಿಷ. ಗೋ ಲೈಬ್ರರಿಯಲ್ಲಿ ತಾನಾಗಿ ಮಿತಿಯೇ ಇಲ್ಲ, ಚಿರಂಜೀವಿ. ಆಯಸ್ಸು ತೀರಿದ ಕನೆಕ್ಷನ್ ಕೆಲಸ ಮುಗಿಸಿ ಪೂಲ್‌ಗೆ ವಾಪಸ್ ಬಂದಾಗ ಅದನ್ನು ಮುಚ್ಚಿ, ಬೇಕಿದ್ದರೆ ಹೊಸದು ತೆರೆಯುತ್ತಾರೆ. ಹೊಸದು ಮತ್ತೆ ಬ್ಯಾಲೆನ್ಸರ್ ಮೂಲಕ ಹೋಗುತ್ತದೆ. ಅರ್ಧ ಗಂಟೆ ಆಯಸ್ಸು ಇದ್ದರೆ ಅರ್ಧ ಗಂಟೆಯಲ್ಲಿ ನೂರು, ನೂರು, ನೂರಕ್ಕೆ ಹತ್ತಿರ ಬರುತ್ತದೆ. ಯಾರೂ ಏನೂ ಮಾಡಬೇಕಿಲ್ಲ. ಐದು ನಿಮಿಷದಿಂದ ಅರ್ಧ ಗಂಟೆಯೊಳಗೆ ಎಷ್ಟಾದರೂ ಇಡಿ. ಒಂದು ನಿಮಿಷಕ್ಕೆ ಇಳಿಸಿದರೆ ಹ್ಯಾಂಡ್‌ಶೇಕ್‌ಗಳ ಖರ್ಚೇ ಜಾಸ್ತಿ ಆಗುತ್ತದೆ.

ಆದರೆ ಒಂದು ತೊಡಕು. ಮೂರನೇ ನೋಡ್ ನಿಂತ ಕ್ಷಣಕ್ಕೆ 225 ಕನೆಕ್ಷನ್ ಒಟ್ಟಿಗೆ ಹುಟ್ಟಿದವು ಅಲ್ವಾ? ಆಯಸ್ಸು ಎಲ್ಲಕ್ಕೂ ಒಂದೇ ಆದರೆ ಒಟ್ಟಿಗೇ ಸಾಯುತ್ತವೆ. ಒಟ್ಟಿಗೇ ಮತ್ತೆ ಹುಟ್ಟುತ್ತವೆ. ಪ್ರತಿ ಅರ್ಧ ಗಂಟೆಗೊಮ್ಮೆ ಗ್ರಾಫ್‌ನಲ್ಲಿ ಒಂದು ಮೊನಚು ಕಂಡರೆ ಇದನ್ನೇ ಅನುಮಾನಿಸಿ. ಒಂದೊಂದಕ್ಕೂ ಸ್ವಲ್ಪ ಹೆಚ್ಚುಕಡಿಮೆ ಆಯಸ್ಸು ಕೊಡಬೇಕು, ಇದಕ್ಕೆ ಜಿಟ್ಟರ್ ಅನ್ನುತ್ತಾರೆ. ಹಿಕಾರಿ ತಾನೇ ಸ್ವಲ್ಪ ಏರುಪೇರು ಮಾಡುತ್ತದೆ. ಗೋದಲ್ಲಿ ಪೋಸ್ಟ್‌ಗ್ರೆಸ್‌ಗೆ ಬಳಸುವ ಪಿಜಿಎಕ್ಸ್ ಪೂಲ್‌ನಲ್ಲಿ ಜಿಟ್ಟರ್‌ಗೆ ಬೇರೆಯದೇ ಸೆಟ್ಟಿಂಗ್ ಇದೆ, ಹಾಕಿಕೊಳ್ಳಿ.

ಇಷ್ಟು ಹೊತ್ತು ಹೇಳಿದ್ದು ಒಳ್ಳೆಯ ಸಾವಿನ ಬಗ್ಗೆ. ಸರ್ವರ್ ‘ನಾನು ಹೊರಟೆ’ ಅಂತ ಹೇಳಿ ಹೋಗುತ್ತದೆ, ಕ್ಲೈಂಟ್‌ಗೆ ತಕ್ಷಣ ಗೊತ್ತಾಗುತ್ತದೆ. ಇನ್ನೊಂದು ಥರದ ಸಾವು ಇದೆ, ಮಾತಿಲ್ಲದ್ದು. ಪವರ್ ಹೋಯಿತು, ನೆಟ್‌ವರ್ಕ್ ಕಡಿದುಹೋಯಿತು. ಆಗ ಯಾರೂ ಹೇಳುವುದಿಲ್ಲ. ಕ್ಲೈಂಟ್ ಪಾಲಿಗೆ ಆ ಕನೆಕ್ಷನ್ ಇನ್ನೂ ಜೀವಂತ.

ಎಷ್ಟು ಹೊತ್ತು? ಲಿನಕ್ಸ್‌ನಲ್ಲಿ ಟಿಸಿಪಿ ಕೀಪ್‌ಅಲೈವ್ ಆನ್ ಮಾಡಿದ್ದರೂ, ಅದು ಮೊದಲ ಸಲ ‘ಇದ್ದೀಯಾ’ ಅಂತ ಕೇಳುವುದು 7200 ಸೆಕೆಂಡ್ ಆದ ಮೇಲೆ. ಎರಡು ಗಂಟೆ! ಆಮೇಲೆ 75 ಸೆಕೆಂಡಿಗೊಮ್ಮೆ ಒಂಬತ್ತು ಸಲ ಕೇಳುತ್ತದೆ. ಒಟ್ಟು ಎರಡು ಗಂಟೆ ಹನ್ನೊಂದು ನಿಮಿಷ. ಇದು ಖಾಲಿ ಕೂತ ಕನೆಕ್ಷನ್‌ಗೆ. ಕ್ವೆರಿ ಕಳಿಸಿ ಅದಕ್ಕೆ ಆ ಕಡೆಯಿಂದ ಸದ್ದೇ ಇಲ್ಲ ಅಂದರೆ ಕರ್ನಲ್ ಮತ್ತೆ ಮತ್ತೆ ಕಳಿಸಿ ನೋಡಿ, ಕೈಚೆಲ್ಲಲು ಸುಮಾರು 15 ನಿಮಿಷ ತೆಗೆದುಕೊಳ್ಳುತ್ತದೆ. ಕ್ಲಸ್ಟರ್ ಒಳಗೆ ಕೆಲವೇ ಸೆಕೆಂಡುಗಳಲ್ಲಿ ಹೊಸ ಲೀಡರ್ ಆಯ್ಕೆ ಆಗಿರುತ್ತದೆ, ಡೇಟಾ ಎಲ್ಲ ಸರಿ ಇರುತ್ತದೆ. ನಿಮ್ಮ ಥ್ರೆಡ್ ಮಾತ್ರ ಹದಿನೈದು ನಿಮಿಷ ಸತ್ತ ನೋಡ್ ಕಡೆ ನೋಡುತ್ತಾ ನಿಂತಿರುತ್ತದೆ. ‘ಡೇಟಾಬೇಸ್‌ಗೆ ಹೈ ಅವೈಲಬಿಲಿಟಿ ಇದೆ, ಆದರೂ ಸೈಟ್ ಬಿತ್ತು’ ಅನ್ನುವ ಗೊಣಗಾಟದ ಹಿಂದೆ ಬಹಳ ಸಲ ಇದೇ ಇರುತ್ತದೆ.

ಕೀಪ್‌ಅಲೈವ್ ಅನ್ನು 30 ಅಥವಾ 60 ಸೆಕೆಂಡಿಗೆ ಇಳಿಸಿ. ಟಿಸಿಪಿ ಯೂಸರ್ ಟೈಮ್‌ಔಟ್ ಹಾಕಿ, ಉತ್ತರ ಬರದ ಡೇಟಾಗೆ ಕರ್ನಲ್ ಎಷ್ಟು ಹೊತ್ತು ಕಾಯಬೇಕು ಅನ್ನುವುದನ್ನು ಅದು ಹೇಳುತ್ತದೆ. ಡ್ರೈವರ್‌ನಲ್ಲಿ ಸಾಕೆಟ್ ಟೈಮ್‌ಔಟ್ ಇದ್ದರೆ, ನಿಮ್ಮ ಅತಿ ನಿಧಾನದ ಕ್ವೆರಿಗಿಂತ ಸ್ವಲ್ಪ ಹೆಚ್ಚಿಗೆ ಇಡಿ. ಕೀಪ್‌ಅಲೈವ್ ಇಳಿಸಲು ಇನ್ನೊಂದು ಕಾರಣವೂ ಇದೆ. ಮಧ್ಯೆ ವಿಳಾಸ ಬದಲಿಸಿ ಪ್ಯಾಕೆಟ್ ದಾಟಿಸುವ ನ್ಯಾಟ್ ಗೇಟ್‌ವೇಗಳು ಖಾಲಿ ಕೂತ ಕನೆಕ್ಷನ್‌ಗಳನ್ನು ಮರೆತುಬಿಡುತ್ತವೆ. ಎಡಬ್ಲ್ಯೂಎಸ್‌ನ ನ್ಯಾಟ್ ಗೇಟ್‌ವೇ 350 ಸೆಕೆಂಡಿಗೆ ಮರೆಯುತ್ತದೆ. ರಾತ್ರಿ ಟ್ರಾಫಿಕ್ ಇಲ್ಲದೆ ಬೆಳಿಗ್ಗೆ ಮೊದಲ ರಿಕ್ವೆಸ್ಟ್‌ಗಳು ಮಾತ್ರ ಫೇಲ್ ಆಗುತ್ತಿದ್ದರೆ ಅಲ್ಲಿ ಹುಡುಕಿ.

ನಾವಾಗಿಯೇ ನೋಡ್ ನಿಲ್ಲಿಸುವಾಗ ಕ್ರಮ ಮುಖ್ಯ. ಮೊದಲು ಹೆಲ್ತ್ ಚೆಕ್‌ಗೆ ‘ನಾನು ಸಿದ್ಧ ಇಲ್ಲ’ ಅಂತ ಉತ್ತರ ಬರಬೇಕು. ಬ್ಯಾಲೆನ್ಸರ್ ಅದನ್ನು ಗಮನಿಸುವಷ್ಟು ಹೊತ್ತು ಕಾಯಬೇಕು. ಆಮೇಲೆ ನಡೆಯುತ್ತಿರುವ ಟ್ರಾನ್ಸಾಕ್ಷನ್‌ಗಳು ಮುಗಿಯಲು ಬಿಟ್ಟು, ಕೊನೆಗೆ ಮುಚ್ಚಬೇಕು. ಬ್ಯಾಲೆನ್ಸರ್ ಹತ್ತು ಸೆಕೆಂಡಿಗೊಮ್ಮೆ ನೋಡಿ, ಮೂರು ಸಲ ಫೇಲ್ ಆದ ಮೇಲೆ ನೋಡ್ ತೆಗೆಯುತ್ತದೆ ಅಂದರೆ ಅದಕ್ಕೇ 30 ಸೆಕೆಂಡ್ ಬೇಕು. ಕುಬರ್ನೆಟೀಸ್ ಪಾಡ್‌ಗೆ ತಾನಾಗಿ ಕೊಡುವ ಗಡುವು ಕೂಡ 30 ಸೆಕೆಂಡ್. ಅಷ್ಟರಲ್ಲಿ ಮುಗಿಯದಿದ್ದರೆ ಕೊಂದುಹಾಕುತ್ತದೆ. ಡೇಟಾಬೇಸ್ ಪಾಡ್‌ಗೆ ಆ ಗಡುವು ಧಾರಾಳವಾಗಿರಲಿ.

ರೀಟ್ರೈ ಬಗ್ಗೆ ಒಂದೇ ವಿಷಯ ಹೇಳಿ ಮುಂದೆ ಹೋಗುತ್ತೇನೆ, ಅದೇ ಇನ್ನೊಂದು ಉಪನ್ಯಾಸ ಆಗುತ್ತದೆ. ಎಸ್‌ಕ್ಯೂಎಲ್ ಡೇಟಾಬೇಸ್ 40001 ಅನ್ನುವ ಎರರ್ (ಬೇರೆ ಟ್ರಾನ್ಸಾಕ್ಷನ್ ಜೊತೆ ಡಿಕ್ಕಿ ಆಗಿದೆ ಅಂತ) ಕೊಟ್ಟರೆ ಟ್ರಾನ್ಸಾಕ್ಷನ್ ಆಗಿಲ್ಲ, ಧೈರ್ಯವಾಗಿ ಮೊದಲಿಂದ ಮಾಡಿ. ಆದರೆ ಕಮಿಟ್ ಕಳಿಸಿದ ಮೇಲೆ ಕನೆಕ್ಷನ್ ಕಡಿದುಹೋದರೆ? ಕಮಿಟ್ ಆಗಿರಬಹುದು, ಆಗದೆಯೂ ಇರಬಹುದು. ಕುರುಡಾಗಿ ಮತ್ತೆ ಕಳಿಸಿದರೆ ಒಂದೇ ಪೇಮೆಂಟ್ ಎರಡು ಸಲ ಹೋಗುತ್ತದೆ. ಪ್ರತಿ ಕೆಲಸಕ್ಕೂ ಕ್ಲೈಂಟ್ ಕಡೆಯಿಂದ ಒಂದು ಗುರುತಿನ ಸಂಖ್ಯೆ ಕೊಟ್ಟು, ಅದಕ್ಕೆ ಟೇಬಲ್‌ನಲ್ಲಿ ಯುನೀಕ್ ಕಟ್ಟುಪಾಡು ಹಾಕಿ. ಆಗ ಎರಡನೇ ಸಲ ಬಂದದ್ದನ್ನು ಡೇಟಾಬೇಸೇ ತಡೆಯುತ್ತದೆ.

ಕೊನೆಯಲ್ಲಿ ಸಭೆಯಿಂದ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಕೊಡುತ್ತಿದ್ದೇನೆ.

‘ಸರ್, ನಮ್ಮಲ್ಲಿ ಪಿಜಿಬೌನ್ಸರ್ ಇದೆ. ಆದರೂ ಅಪ್ಲಿಕೇಶನ್ ಒಳಗೆ ಪೂಲ್ ಬೇಕಾ?’

ಪಿಜಿಬೌನ್ಸರ್ ಅಂದರೆ ಅಪ್ಲಿಕೇಶನ್ ಮತ್ತು ಪೋಸ್ಟ್‌ಗ್ರೆಸ್ ಮಧ್ಯೆ ಬೇರೆಯಾಗಿ ಓಡುವ ಪೂಲ್. ಅದಿದ್ದರೂ ಒಳಗೆ ಚಿಕ್ಕದೊಂದು ಬೇಕು, ಬೌನ್ಸರ್‌ಗೆ ಹೋಗುವ ಕನೆಕ್ಷನ್‌ಗೂ ಹ್ಯಾಂಡ್‌ಶೇಕ್ ಇದೆಯಲ್ಲ. ನೂರಾರು ಪಾಡ್‌ಗಳಿದ್ದಾಗ, ಅಥವಾ ಕ್ಷಣಕ್ಕೊಂದು ಹುಟ್ಟಿ ಸಾಯುವ ಸರ್ವರ್‌ಲೆಸ್ ಫಂಕ್ಷನ್‌ಗಳಿದ್ದಾಗ ಬೌನ್ಸರ್ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಟ್ರಾನ್ಸಾಕ್ಷನ್ ಮೋಡ್‌ನಲ್ಲಿ ಹಾಕಿದರೆ ಮಾತ್ರ ಎಚ್ಚರ ಇರಲಿ. ಒಂದು ಟ್ರಾನ್ಸಾಕ್ಷನ್ ಮುಗಿದ ಮೇಲೆ ನಿಮಗೆ ಸಿಗುವ ಸರ್ವರ್ ಕನೆಕ್ಷನ್ ಬೇರೆ ಆಗಿರಬಹುದು. ಸೆಷನ್‌ಗೆ ಅಂತ ಸೆಟ್ ಮಾಡಿದ ವೇರಿಯಬಲ್, ಸೆಷನ್ ಮಟ್ಟದ ಅಡ್ವೈಸರಿ ಲಾಕ್, ಲಿಸನ್ ಇವೆಲ್ಲ ಕೈಕೊಡುತ್ತವೆ. ಪ್ರಿಪೇರ್ಡ್ ಸ್ಟೇಟ್‌ಮೆಂಟ್‌ಗಳೂ ಕೈಕೊಡುತ್ತಿದ್ದವು. 2023ರಲ್ಲಿ ಬಂದ 1.21ನೇ ಆವೃತ್ತಿಯಿಂದ, ಡ್ರೈವರ್‌ಗಳು ಪ್ರೋಟೋಕಾಲ್ ಮಟ್ಟದಲ್ಲಿ ಮಾಡುವ ಪ್ರಿಪೇರ್ಡ್ ಸ್ಟೇಟ್‌ಮೆಂಟ್‌ಗಳಿಗೆ ಅದರಲ್ಲಿ ಬೆಂಬಲ ಇದೆ.

‘ನಮ್ಮ ಟೈಮ್‌ಔಟ್‌ಗಳು ಸರಿ ಇವೆಯಾ ಅಂತ ಪರೀಕ್ಷೆ ಮಾಡುವುದು ಹೇಗೆ? ಒಂದು ನೋಡ್‌ನಲ್ಲಿ ಕಿಲ್ -9 ಕೊಟ್ಟು ನೋಡಿದ್ದೇವೆ, ಎಲ್ಲ ಚೆನ್ನಾಗಿಯೇ ಇತ್ತು.’

ಕಿಲ್ -9 ಕೊಟ್ಟರೆ ಸಾಯುವುದು ಪ್ರೊಸೆಸ್ ಮಾತ್ರ. ಆ ಮಷೀನ್‌ನ ಕರ್ನಲ್ ಬದುಕಿಯೇ ಇರುತ್ತದೆ. ಅದು ಸತ್ತ ಪ್ರೊಸೆಸ್‌ನ ಸಾಕೆಟ್‌ಗಳನ್ನೆಲ್ಲ ಮುಚ್ಚಿ ಕ್ಲೈಂಟ್‌ಗಳಿಗೆ ತಿಳಿಸುತ್ತದೆ. ಅಂದರೆ ನೀವು ಪರೀಕ್ಷೆ ಮಾಡಿದ್ದು ಹೇಳಿ ಹೋಗುವ ಸಾವನ್ನು. ಅದು ಸುಲಭದ್ದು. ಟೆಸ್ಟ್ ಕ್ಲಸ್ಟರ್‌ನಲ್ಲಿ ಒಂದು ನೋಡ್‌ಗೆ ಹೋಗಿ, ಐಪಿಟೇಬಲ್ಸ್‌ನಲ್ಲಿ ಡೇಟಾಬೇಸ್ ಪೋರ್ಟ್‌ಗೆ ಬರುವ ಪ್ಯಾಕೆಟ್‌ಗಳಿಗೆಲ್ಲ ಡ್ರಾಪ್ ನಿಯಮ ಹಾಕಿ. ರಿಜೆಕ್ಟ್ ಅಲ್ಲ, ಡ್ರಾಪ್. ರಿಜೆಕ್ಟ್ ಹಾಕಿದರೆ ಮತ್ತೆ ಕ್ಲೈಂಟ್‌ಗೆ ಸುದ್ದಿ ಹೋಗುತ್ತದೆ. ಲೋಡ್ ಓಡುತ್ತಿರುವಾಗಲೇ ಹಾಕಿ, ಗಡಿಯಾರ ನೋಡಿ. ಮಧ್ಯೆ ಬ್ಯಾಲೆನ್ಸರ್ ಇದ್ದರೆ ಒಂದು ಸಲ ನೋಡ್ ಹತ್ತಿರ, ಇನ್ನೊಂದು ಸಲ ಬ್ಯಾಲೆನ್ಸರ್ ಹತ್ತಿರ ಹಾಕಿ ಎರಡನ್ನೂ ನೋಡಬೇಕು. ಯಾಕೆಂದರೆ ಅಲ್ಲಿ ಟಿಸಿಪಿ ಕನೆಕ್ಷನ್‌ಗಳು ಎರಡು ಇರಬಹುದು, ಎರಡರ ಟೈಮ್‌ಔಟ್‌ಗಳೂ ಬೇರೆ ಬೇರೆ. ಎರರ್‌ಗಳು ನಿಂತು ರಿಕ್ವೆಸ್ಟ್‌ಗಳು ಮತ್ತೆ ಸರಾಗ ಆಗಲು ಹತ್ತಿಪ್ಪತ್ತು ಸೆಕೆಂಡ್ ಹಿಡಿದರೆ ಪರವಾಗಿಲ್ಲ. ಹದಿನೈದು ನಿಮಿಷ ಆದರೆ ಯಾವ ಸೆಟ್ಟಿಂಗ್ ಬಿಟ್ಟುಹೋಗಿದೆ ಅಂತ ಈಗ ನಿಮಗೆ ಗೊತ್ತು. ಆಮೇಲೆ ನಿಯಮ ತೆಗೆದು ಇನ್ನೂ ಅರ್ಧ ಗಂಟೆ ಅಲ್ಲೇ ಇರಿ. ಪ್ರತಿ ನೋಡ್‌ಗೆ ಎಷ್ಟು ಕನೆಕ್ಷನ್ ಇದೆ ಅನ್ನುವ ಗ್ರಾಫ್ ತೆರೆದು, ಆ ನೋಡ್‌ಗೆ ಕನೆಕ್ಷನ್‌ಗಳು ವಾಪಸ್ ಬರುತ್ತಿವೆಯಾ ಅಂತ ನೋಡಿ.